ಅವ್ವನ ಸೀರೆಗೆ ಕತ್ತರಿ ಹಾಕಿದ ಕಥೆ

ಸತ್ತವರ ಬಟ್ಟೆ ಮನೆಯಲ್ಲಿ ಇಡಬಾರದು, ನೀವು ಅದನ್ನೇ ಮಕ್ಕಳಿಗೆ ಹೊದಿಸೋಕೆ ಹೊರಟಿದ್ದೀರಲ್ಲ ಎಂದು ಅಡುಗೆಯವರಿಂದ ಹಿಡಿದು ತರಬೇತಿ ಕೊಟ್ಟ ಮೇಡಂವರೆಗೆ ಎಲ್ಲರೂ ಬೈದಿದ್ದರು. ಈಗ ಆ ಬಟ್ಟೆಗಳನ್ನೇ ಜೋಡಿಸಿ ಹೊಲಿದ ಹನ್ನೊಂದು ಹೊದಿಕೆ, ನಮ್ಮ ಕಡೆಯ ಕೌದಿ, ಮುಗಿದಿವೆ. ಆ ಮೇಡಂ ಮೊನ್ನೆ ಫೋಟೊ ಕಳಿಸಿ ಎಂದು ಫೋನ್ ಮಾಡಿದ್ದರು!

2021ರ ಕೋವಿಡ್ ಎರಡನೇ ಅಲೆ ಆದಮೇಲೆ ಧಾರವಾಡದ ಕಡೆಯ ನಮ್ಮ ಹಾಸ್ಟೆಲ್‌ಗೆ ಅಪ್ಪನನ್ನೋ ಅವ್ವನನ್ನೋ ಕಳೆದುಕೊಂಡ ಹದಿನಾಲ್ಕು ಮಕ್ಕಳು ಬಂದರು. ಇಬ್ಬರಿಗೆ ಕೋವಿಡ್‌ನಿಂದ ಅನಾಥರಾದ ಮಕ್ಕಳಿಗಾಗಿ ಸರ್ಕಾರ ತಂದ ಬಾಲ ಸೇವಾ ಯೋಜನೆಯ 3,500 ರೂಪಾಯಿ ತಿಂಗಳು ತಿಂಗಳು ಬರುತ್ತಿತ್ತು. ಫಾರಂ ತುಂಬಲು ಎಲ್ಲರೂ ಓಡಾಡಿದರು. ಸತ್ತವರ ಹೆಸರನ್ನು ಮಾತ್ರ ಮಕ್ಕಳ ಮುಂದೆ ಯಾರೂ ಎತ್ತುತ್ತಿರಲಿಲ್ಲ.

ಮೊದಲು ನೆನಪಿನ ಪುಸ್ತಕ ಮಾಡಿಸಿದೆ. ಆಲ್ಬಮ್, ಸ್ಕೆಚ್ ಪೆನ್ನು, ಫೋಟೊ ಪ್ರಿಂಟು ಅಂತ ನಾಲ್ಕು ಸಾವಿರದ ಹತ್ತಿರ ಹೋಯಿತು. ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋಟೊ, ಆಧಾರ್ ಕಾರ್ಡಿನದ್ದನ್ನೇ ದೊಡ್ಡದು ಮಾಡಿ ಹಾರ ಹಾಕಿದ್ದು. ಮಕ್ಕಳು ನನ್ನನ್ನು ಖುಷಿಪಡಿಸಲು ಸೂರ್ಯಕಾಂತಿ ಬರೆದುಕೊಟ್ಟರು. ಆಮೇಲೆ ಹೆಸರಿಗೊಂದು ಗಿಡ ನೆಡಿಸಿದೆ. ಮೇ ರಜೆಯಲ್ಲಿ ನೀರಿಲ್ಲದೆ ಅರ್ಧ ಒಣಗಿದವು. ಒಬ್ಬ ಹುಡುಗ ಬಂದು "ನನ್ನಿಂದನ ಸತ್ತತೇನ್ರೀ ಅಕ್ಕಾರ?" ಎಂದ. ಅವತ್ತಿನಿಂದ ಗಿಡದ ಸುದ್ದಿಗೆ ಹೋಗಿಲ್ಲ, ನೀವೂ ಹೋಗಬೇಡಿ.

ಕೌದಿ ಹೊಳೆದದ್ದು ಒಂದು ಹುಡುಗಿಯಿಂದ. ಅವ್ವನ ಸೀರೆಯನ್ನು ದಿಂಬಿನ ಕೆಳಗೆ ಮುಚ್ಚಿಟ್ಟುಕೊಂಡು ಮಲಗುತ್ತಿದ್ದಳು. ಅಲ್ಲೂ ಮೊದಲ ಸಲ ಕೆಡಿಸಿದೆ. ಗಲೀಜಾಗಿದೆ ಅಂತ ಸೀರೆಯನ್ನು ಸೋಪಿನ ಪುಡಿ ಹಾಕಿ ಒಗೆಸಿದೆ. ಮೂಸಿ ನೋಡಿ ಎರಡು ದಿನ ಊಟ ಬಿಟ್ಟಳು. ವಾಸನೆ ಹೋಗಿತ್ತು. ಇನ್ನೊಬ್ಬನ ಎದುರೇ ಇಳಕಲ್ ಸೀರೆಗೆ ಕತ್ತರಿ ಹಾಕಿದೆ, ಅವನು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಈಗ ಸೆರಗನ್ನು ಮುಟ್ಟುವುದೇ ಇಲ್ಲ, ಅದು ಇಡಿಯಾಗಿ ಮಗುವಿನ ಟ್ರಂಕಿನಲ್ಲಿ ಉಳಿಯಬೇಕು. ಒಳಸುತ್ತಿನ ಬಟ್ಟೆ ಸಾಕು. ಎಲ್ಲಿ ಕತ್ತರಿಸಬೇಕೆಂದು ಮಗುವೇ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತದೆ.

ಸಿಂಥೆಟಿಕ್ ಸೀರೆ ಜಾರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಕೆಳಗೆ ಹಳೇ ಧೋತರ ಹಾಸಿ ಕಚ್ಚಾ ಹೊಲಿಗೆ ಹಾಕಿಕೊಂಡರೆ ನಿಲ್ಲುತ್ತದೆ. ಖಾಕಿ ಅಂಗಿ ಬಂದರೆ ಸೂಜಿ ಮುರಿಯುವುದು ಗ್ಯಾರಂಟಿ. ಡ್ರೈವರ್ ಒಬ್ಬರ ಅಂಗಿಯ ಜೇಬನ್ನು ಹಾಗೇ ಬಾಯಿ ಬಿಟ್ಟು ಹೊಲಿದೆವು. ಮಗ ಅದರಲ್ಲಿ ಬಸ್ ಟಿಕೆಟ್ ಕೂಡಿಡುತ್ತಾನೆ. ದೊಡ್ಡ ಕೌದಿಯ ಆಸೆ ಬೇಡ. ಮೂರಡಿಗೆ ಮೂರಡಿ ಸಾಕು, ಎರಡು ತಿಂಗಳು ಹಿಡಿಯುತ್ತದೆ. ಭಾನುವಾರ ಬರುತ್ತಿದ್ದ ಅಜ್ಜಿಯೊಬ್ಬರು ಕೌದಿ ಹಸಿದುಕೊಂಡು ಇರಬಾರದು ಎಂದು ಕೊನೆಯ ಮೂಲೆ ಮುಚ್ಚುವ ಮೊದಲು ಹೋಳಿಗೆ ಚೂರು ಇಡಿಸಿದರು. ಇರುವೆ ಬಂದವು. ಈಗ ನಾಲ್ಕು ಕಾಳು ಗೋಧಿ ಇಡುತ್ತೇವೆ.

ಮಾತು ಬರುವುದು ಹೊಲಿಗೆಯ ನಡುವೆ. ಮುಖ ನೋಡಬೇಕಾಗಿಲ್ಲ, ಕೈಗೆ ಕೆಲಸ ಇರುತ್ತದೆ. "ಇದನ್ನ ಉಟ್ಟು ನಮ್ಮವ್ವ ಜಾತ್ರಿಗೆ ಬಂದಿದ್ಲು" ಅಂತ ಶುರುವಾಗುತ್ತದೆ. ನಾನು ಏನೂ ಕೇಳುವುದಿಲ್ಲ. ಮೊದಲ ದಿನ ಬಟ್ಟೆ ಹೊರಗೆ ತೆಗೆಸಲು ಒಂದು ಉಪಾಯ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ, ಬಂದು ನೋಡಿ.

ನಡುವೆ ಸತ್ತವರು ವಾಟ್ಸಾಪ್‌ನಲ್ಲಿ ಕಳಿಸಿದ್ದ ಧ್ವನಿಗಳನ್ನೂ ಕೂಡಿಸಲು ಹೋಗಿದ್ದೆ. ಒಂದು ಮನೆಯವರು ಫೋನ್ ರೀಸೆಟ್ ಮಾಡಿಸಿ ಮಾರಿಬಿಟ್ಟಿದ್ದರು. ಅಪ್ಪನ ದನಿ ಅಲ್ಲಿಗೇ ಹೋಯಿತು. ಫೋನ್ ಇದ್ದರೆ ಮೊದಲು ಅದನ್ನು ಎತ್ತಿಡಿ, ಕೌದಿ ಆಮೇಲೆ.

ಮೂವರ ಕೌದಿ ಆಗಲಿಲ್ಲ. ಒಬ್ಬಳು ಬಟ್ಟೆ ಕೊಡಲಿಲ್ಲ, ಅದು ಅವಳಿಷ್ಟ. ಒಬ್ಬನನ್ನು ಚಿಕ್ಕಪ್ಪ ಊರಿಗೆ ಕರೆದೊಯ್ದರು. ಇನ್ನೊಬ್ಬ ವಾರಗಟ್ಟಲೆ ನಿದ್ದೆ ಮಾಡುತ್ತಿರಲಿಲ್ಲ. ಅಂಥವರಿಗೆ ಸೂಜಿ ದಾರ ಸಾಲದು. ಅವನನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ.

ದಾರ, ಧೋತರ, ಟೇಲರ್ ಹತ್ತಿರದ ಚಿಂದಿ ಎಲ್ಲ ಸೇರಿ ಒಂದು ಕೌದಿಗೆ ಇನ್ನೂರು ರೂಪಾಯಿ ದಾಟಿಲ್ಲ. ಸೂಜಿ ಮಾತ್ರ ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ. ಒಂದು ಸೂಜಿ ಹಾಸಿಗೆಯಲ್ಲಿ ಸಿಕ್ಕಿದ್ದಕ್ಕೆ ವಾರ್ಡನ್ ನನಗೆ ಇನ್ನೂ ಮಾತು ಕೇಳಿಸುತ್ತಿದ್ದಾರೆ.