ಪಿತ್ತಕೋಶ, ಹರ್ನಿಯಾ ಎರಡೂ ಒಂದೇ ಸಲ ಬೇಡ ಅಂದೆ: ನನ್ನ ಅನುಭವ

ನನಗೆ ರುಮಟಾಯ್ಡ್ ಸಂಧಿವಾತ ಇದೆ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ದಿನಾ 5 ಮಿಲಿಗ್ರಾಂ ಪ್ರೆಡ್ನಿಸೋಲೋನ್, ಎರಡು ವಾರಕ್ಕೊಮ್ಮೆ ಅಡಾಲಿಮುಮಾಬ್ ಇಂಜೆಕ್ಷನ್. ನನ್ನ ಬೆರಳು ಮಡಚಲು ಬರುವುದು ಈ ಔಷಧಿಗಳಿಂದಲೇ. ಸೋಂಕು ಬಂದರೆ ದೇಹ ಎದುರಿಸುವ ಶಕ್ತಿ ತಗ್ಗುವುದೂ ಇವುಗಳಿಂದಲೇ.

ಪಿತ್ತಕೋಶದ ಕಲ್ಲಿನಿಂದ ನೋವು ಮೇಲಿಂದ ಮೇಲೆ ಬರತೊಡಗಿತು. ತೊಡೆಸಂದಿನಲ್ಲಿ ಒಂದು ಹರ್ನಿಯಾ ಮೊದಲಿಂದಲೂ ಇತ್ತು. "ಹೇಗೂ ಅನಸ್ತೇಷಿಯಾ ಕೊಡ್ತಾರೆ, ಎರಡನ್ನೂ ಒಟ್ಟಿಗೆ ಮುಗಿಸಿಕೊಂಡು ಬಾ" ಎಂದು ಅಕ್ಕ ಹೇಳಿದಳು. ಭಾವನದ್ದೂ ಅದೇ ಮಾತು. ತಪ್ಪೇನಿಲ್ಲ. ಒಂದೇ ದಾಖಲಾತಿ, ಒಂದೇ ಬಿಲ್ಲು, ರಜೆಯೂ ಒಂದೇ ಸಲ. ಆರೋಗ್ಯವಂತರಿಗೆ ಹೀಗೆ ಒಟ್ಟಿಗೆ ಮಾಡುವುದು ಹೊಸದೂ ಅಲ್ಲ.

ಆದರೆ ನಾನು ಸರ್ಜನ್‌ಗೆ ಮೊದಲು ಕೇಳಿದ್ದು ಬೇರೆ: "ಡಾಕ್ಟರೇ, ಈ ಎರಡರಲ್ಲಿ ಯಾವುದರಲ್ಲಿ ಸೋಂಕಿನ ಭಯ ಜಾಸ್ತಿ? ಒಳಗೆ ಏನಾದರೂ ಉಳಿಯುತ್ತದಾ?" ಅವರು ಪೇಪರ್ ಮೇಲೆ ಚಿತ್ರ ಬರೆದು ತೋರಿಸಿದರು. ಹರ್ನಿಯಾ ಆಪರೇಷನ್ನಿನಲ್ಲಿ ಕರುಳನ್ನಾಗಲಿ ಪಿತ್ತನಾಳವನ್ನಾಗಲಿ ತೆರೆಯುವುದಿಲ್ಲ, ಹಾಗಾಗಿ ಅದು ಶುದ್ಧ ಗಾಯ. ಪಿತ್ತಕೋಶ ತೆಗೆಯುವಾಗ ನಾಳ ಕತ್ತರಿಸಬೇಕು. ಕಲ್ಲಿರುವ ಪಿತ್ತಕೋಶದ ರಸದಲ್ಲಿ ಬ್ಯಾಕ್ಟೀರಿಯಾ ಇರಬಹುದು, ಪಿತ್ತಕೋಶ ಹರಿದರೆ ಅದು ಹೊಟ್ಟೆಯೊಳಗೆ ಚೆಲ್ಲುತ್ತದೆ. ಇನ್ನೊಂದು ಕಡೆ ಹರ್ನಿಯಾಕ್ಕೆ ಪಾಲಿಪ್ರೊಪಿಲೀನ್ ಮೆಶ್, ಅಂದರೆ ಪ್ಲಾಸ್ಟಿಕ್ಕಿನ ಬಲೆ, ಇಡುತ್ತಾರೆ. ಅದು ಜೀವನಪೂರ್ತಿ ಒಳಗೇ ಇರುತ್ತದೆ. ಮೆಶ್ಶಿಗೆ ಬ್ಯಾಕ್ಟೀರಿಯಾ ಅಂಟಿಕೊಂಡು ಪದರ ಕಟ್ಟಿದರೆ ಆಂಟಿಬಯೋಟಿಕ್ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಕೆಲವೊಮ್ಮೆ ಮೆಶ್ಶನ್ನೇ ತೆಗೆಯಬೇಕಾಗುತ್ತದೆ. ಆಪರೇಷನ್ ಹೊತ್ತು ಹೆಚ್ಚಿದಷ್ಟೂ ಸೋಂಕಿನ ಸಾಧ್ಯತೆಯೂ ಹೆಚ್ಚು.

ಅಲ್ಲಿಗೆ ಎರಡನ್ನೂ ಬೇರೆ ಬೇರೆ ಮಾಡಿಸುವುದೆಂದು ನನ್ನ ಮನಸ್ಸು ಗಟ್ಟಿಯಾಯಿತು. ನೋವು ಕೊಡುತ್ತಿದ್ದದ್ದು ಪಿತ್ತಕೋಶ, ಅದು ಮೊದಲು. ಹರ್ನಿಯಾ ಮಲಗಿದರೆ ಒಳಗೆ ಹೋಗುತ್ತಿತ್ತು, ನೋವಿರಲಿಲ್ಲ. ಅಂಥದ್ದನ್ನು ಗಂಡಸರಲ್ಲಿ ಸ್ವಲ್ಪ ಕಾಲ ಗಮನಿಸುತ್ತಾ ಕಾಯಬಹುದು ಎಂದರು. ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ನೋವು, ವಾಂತಿ ಬಂದರೆ ತಡಮಾಡದೆ ಬರಬೇಕು ಎಂದೂ ಹೇಳಿದರು. ಖರ್ಚು ಜಾಸ್ತಿಯಾಯಿತು, ನಿಜ. ನನ್ನ ಮಟ್ಟಿಗೆ ಅದು ಸರಿಯಾದ ಖರ್ಚು.

ಆಮೇಲಿನ ಕೆಲಸ ಔಷಧಿಯ ದಿನ ಹೊಂದಿಸುವುದು. ಸಂಧಿವಾತದ ಮೇಡಂ ಮತ್ತು ಸರ್ಜನ್ ಇಬ್ಬರೂ ಫೋನಿನಲ್ಲಿ ಮಾತಾಡುವಂತೆ ನಾನೇ ಒತ್ತಾಯ ಮಾಡಿದೆ. ಇದನ್ನು ಯಾರೂ ಬಿಡಬಾರದು. ಮೆಥೋಟ್ರೆಕ್ಸೇಟ್ ನಿಲ್ಲಿಸಲಿಲ್ಲ. ಅಡಾಲಿಮುಮಾಬ್ ಒಂದು ಡೋಸ್ ಬಿಟ್ಟು, ಕೊನೆಯ ಇಂಜೆಕ್ಷನ್ ಆದ ಮೂರನೆಯ ವಾರಕ್ಕೆ ಆಪರೇಷನ್ ಇಟ್ಟರು. ಹೊಲಿಗೆ ಬಿಚ್ಚಿ, ಗಾಯ ಒಣಗಿ, ಕೀವು ನೀರು ಏನೂ ಇಲ್ಲ ಅಂತ ನೋಡಿದ ಮೇಲೇ ಮತ್ತೆ ಶುರು. ಪ್ರೆಡ್ನಿಸೋಲೋನ್ ಅನ್ನು ಆಪರೇಷನ್ ದಿನವೂ ಬಿಡಲಿಲ್ಲ. ತುಂಬಾ ಕಾಲದಿಂದ ಸ್ಟೀರಾಯ್ಡ್ ತಗೊಳ್ಳುವವರು ಸಡನ್ನಾಗಿ ನಿಲ್ಲಿಸಿದರೆ ಬಿಪಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇದು ನನಗೆ ಹೊಂದಿಸಿದ ಲೆಕ್ಕ. ನಿಮ್ಮ ಔಷಧಿಗೆ ಲೆಕ್ಕವೇ ಬೇರೆ ಇರುತ್ತದೆ. ಸಂಧಿವಾತಕ್ಕೇ ಕೊಡುವ ಇನ್ನೊಂದು ಔಷಧಿ ರಿಟುಕ್ಸಿಮಾಬ್ ಆದರೆ ತಿಂಗಳುಗಟ್ಟಲೆ ಮೊದಲೇ ಯೋಚಿಸಬೇಕು.

ನಾನು ಹಟ ಹಿಡಿದು ಕೇಳಿದ ಇನ್ನೊಂದು ಪ್ರಶ್ನೆ ಲ್ಯಾಪರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಆಪರೇಷನ್) ಉಪಕರಣಗಳ ಬಗ್ಗೆ. ಆಟೋಕ್ಲೇವ್ ಮಾಡುತ್ತೀರಾ (ಒತ್ತಡದ ಬಿಸಿ ಹಬೆಯಲ್ಲಿ ಶುದ್ಧ ಮಾಡುವುದು), ಇಲ್ಲಾ ಗ್ಲುಟರಾಲ್ಡಿಹೈಡ್ ಎಂಬ ಕ್ರಿಮಿನಾಶಕ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೊಳೆದು ಬಳಸುತ್ತೀರಾ? ನಮ್ಮ ದೇಶದಲ್ಲಿ ಲ್ಯಾಪರೋಸ್ಕೋಪಿ ಆದ ತೂತುಗಳಲ್ಲಿ ಕ್ಷಯದ ಬ್ಯಾಕ್ಟೀರಿಯಾದ ಬಳಗದವೇ ಆದ ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಂ, ಚೆಲೋನಿ ಎಂಬವು ಸೋಂಕು ಮಾಡಿದ ವರದಿಗಳು ಬೇಕಾದಷ್ಟಿವೆ. ಸರಿಯಾಗಿ ಶುದ್ಧ ಮಾಡದ ಉಪಕರಣ, ತೊಳೆಯಲು ಬಳಸಿದ ನೀರು, ಇವುಗಳಿಂದ ಅದು ಬರುತ್ತದೆ. ಗಾಯ ಚೆನ್ನಾಗಿ ಒಣಗಿದ ಮೇಲೆ, ವಾರಗಳು ಕಳೆದು, ಗಂಟು ಕಟ್ಟಿ ಒಸರುತ್ತದೆ. ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ, ತಿಂಗಳುಗಟ್ಟಲೆ ಔಷಧಿ ಬೇಕು. ಮೊದಲು ವಿಚಾರಿಸಿದ ಆಸ್ಪತ್ರೆಯಲ್ಲಿ ಈ ಪ್ರಶ್ನೆಗೆ "ಅದೆಲ್ಲ ನಾವು ನೋಡ್ಕೋತೀವಿ" ಅಂದರು. ಎರಡನೆಯ ಕಡೆ ಓಟಿ ಸಿಸ್ಟರ್ ಕರೆದುಕೊಂಡು ಹೋಗಿ ಸ್ಟೆರಿಲೈಸೇಷನ್ ರಿಜಿಸ್ಟರ್ ತೋರಿಸಿದರು. ಅಲ್ಲೇ ಸೇರಿಕೊಂಡೆ.

ಕೂದಲನ್ನು ರೇಜರಿನಲ್ಲಿ ಬೋಳಿಸಬೇಡಿ, ಕ್ಲಿಪ್ಪರ್ ಇದ್ದರೆ ಅದರಲ್ಲಿ ತೆಗೆಯಿರಿ ಎಂದು ವಾರ್ಡಿನಲ್ಲಿ ಕೇಳಿಕೊಂಡೆ. ರೇಜರಿನ ಸಣ್ಣ ಗಾಯಗಳೇ ಸೋಂಕಿಗೆ ದಾರಿ. ಆಂಟಿಬಯೋಟಿಕ್ ಅನ್ನು ಚರ್ಮ ಕತ್ತರಿಸುವ ಮೊದಲೇ ಕೊಟ್ಟರು. ಪಿತ್ತಕೋಶವನ್ನು ಚೀಲದೊಳಗೆ ಹಾಕಿ ಹೊರತೆಗೆದರು, ರಸ ಚೆಲ್ಲಲಿಲ್ಲ.

ಮನೆಗೆ ಬಂದ ಮೇಲೆ ಜ್ವರಕ್ಕಾಗಿ ಮಾತ್ರ ಕಾದು ಕೂರಲಿಲ್ಲ. ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಒಳಗೆ ಸೋಂಕಿದ್ದರೂ ಜ್ವರ ಏರದೇ ಇರಬಹುದು. ಹೆಂಡತಿ ದಿನಾ ಬೆಳಗ್ಗೆ ಗಾಯದ ಫೋಟೋ ತೆಗೆದಿಡುತ್ತಿದ್ದಳು. ಹಿಂದಿನ ದಿನದ್ದರ ಪಕ್ಕ ಇಟ್ಟು ನೋಡಿದರೆ ಕೆಂಪು ಹರಡಿದೆಯಾ ಅಂತ ಗೊತ್ತಾಗುತ್ತದೆ. ಅರಿಶಿನ, ಪೌಡರ್ ಯಾವುದನ್ನೂ ಹಚ್ಚಲಿಲ್ಲ. ಅತ್ತೆಗೆ ಸ್ವಲ್ಪ ಬೇಜಾರಾಯಿತು.

ಹರ್ನಿಯಾ ಆಪರೇಷನ್ನೂ ಆಮೇಲೆ ಇದೇ ಕ್ರಮದಲ್ಲಿ ಆಯಿತು. ಮೆಶ್ ಇಟ್ಟ ಜಾಗದಲ್ಲಿ ಸೋಂಕು ತಿಂಗಳುಗಳ ನಂತರವೂ ಬರಬಹುದು. ಅದಕ್ಕೇ ಸಂಧಿವಾತದ ಮೇಡಂ ಹತ್ತಿರ ಹೋದಾಗಲೆಲ್ಲ ಆ ಜಾಗವನ್ನೂ ತೋರಿಸಿ ಬರುತ್ತೇನೆ.