ಮೂಟೆ ಬಿಚ್ಚದೆ ಎಣಿಕೆ: ಕಾಫ್ಕಾ ಸಂದೇಶಗಳ ಲೆಕ್ಕ, ನನ್ನ ಅನುಭವ

ಕಾಫ್ಕಾ ಎಂಬ ಸಂದೇಶ ಸಾಗಿಸುವ ತಂತ್ರಾಂಶದ ಒಂದು ಟಾಪಿಕ್‌ನಲ್ಲಿ (ಒಂದು ಬಗೆಯ ಸಂದೇಶಗಳ ಸಾಲು) ಎಷ್ಟು ಸಂದೇಶಗಳಿವೆ ಎಂದು ಖಚಿತವಾಗಿ ತಿಳಿಯಬೇಕಾದರೆ ಕನ್ಸ್ಯೂಮರ್ (ಓದುವ ಪ್ರೋಗ್ರಾಂ) ಹಚ್ಚಿ ಮೊದಲಿನಿಂದ ಕೊನೆಯವರೆಗೆ ಓದಲೇಬೇಕು ಎಂದು ಪಳಗಿದವರೂ ಹೇಳುತ್ತಾರೆ. ಹಾಗೇನಿಲ್ಲ. ಸಂದೇಶಗಳು ಬ್ಯಾಚ್ ಎಂಬ ಕಟ್ಟುಗಳಾಗಿ ಡಿಸ್ಕ್‌ನ ಸೆಗ್ಮೆಂಟ್ ಫೈಲ್‌ಗಳಲ್ಲಿ ಕೂತಿರುತ್ತವೆ, ಪ್ರತಿ ಬ್ಯಾಚ್‌ನ ತಲೆಯಲ್ಲಿರುವ ಹೆಡರ್ ಮಾತ್ರ ಓದಿದರೆ ಸಾಕು. ಒಂದೇ ಒಂದು ಸಂದೇಶವನ್ನೂ ಡಿಕಂಪ್ರೆಸ್ ಮಾಡದೆ ಕೊನೆಯ ಅಂಕಿಯವರೆಗೂ ತಾಳೆಯಾಗುವ ಲೆಕ್ಕ ಸಿಗುತ್ತದೆ. ಇದು ಆಗುವ ಮಾತಲ್ಲ ಎಂದವರೂ ಈಗ ಇದೇ ಲೆಕ್ಕ ಬಳಸುತ್ತಿದ್ದಾರೆ.

ಕ್ಲಸ್ಟರ್ ಹೀಗಿತ್ತು: 6 ಬ್ರೋಕರ್ (ಕಾಫ್ಕಾ ಸರ್ವರ್), 3 ಝೋನ್ (ಕ್ಲೌಡ್‌ನ ಬೇರೆ ಬೇರೆ ಡೇಟಾ ಸೆಂಟರ್), 24 ಪಾರ್ಟಿಶನ್ (ಟಾಪಿಕ್‌ನ ಭಾಗಗಳು), 3 ಪ್ರತಿ, 7 ದಿನದ ರಿಟೆನ್ಶನ್ (ದತ್ತಾಂಶ ಉಳಿಸುವ ಅವಧಿ), ಒಂದು ಪ್ರತಿಗೆ ಸುಮಾರು 6 ಟಿಬಿ. ಸಂದೇಶಕ್ಕಿಷ್ಟು ಎಂದು ಬಿಲ್ ಹಾಕುವ ವ್ಯವಹಾರವಾದ್ದರಿಂದ ಅಂದಾಜಿನ ಲೆಕ್ಕ ನಡೆಯುವುದಿಲ್ಲ.

ಕೊನೆಯ ಆಫ್‌ಸೆಟ್‌ನಿಂದ (ಪಾರ್ಟಿಶನ್‌ನೊಳಗಿನ ಕ್ರಮಸಂಖ್ಯೆ) ಮೊದಲಿನದನ್ನು ಕಳೆಯುವ ಹಳೆಯ ಉಪಾಯ ಮೊದಲು ಕೈಕೊಟ್ಟಿತು. ಟ್ರಾನ್ಸಾಕ್ಷನ್ (ಪೂರ್ತಿ ಒಪ್ಪಿಗೆಯಾಗುವ ಇಲ್ಲವೇ ಪೂರ್ತಿ ರದ್ದಾಗುವ ಬರಹಗಳ ಗುಂಪು) ಇರುವ ಕಡೆ ಪ್ರತಿ ಕಮಿಟ್ (ಒಪ್ಪಿಗೆ) ಕೂಡ ತಾನು ಮುಟ್ಟಿದ ಒಂದೊಂದು ಪಾರ್ಟಿಶನ್‌ನಲ್ಲೂ ಒಂದು ಮಾರ್ಕರ್ ಬರೆಯುತ್ತದೆ, ಆ ಮಾರ್ಕರ್ ಒಂದು ಆಫ್‌ಸೆಟ್ ನುಂಗುತ್ತದೆ. ಕಾಫ್ಕಾ ಸ್ಟ್ರೀಮ್ಸ್ ಅನ್ನು (ಸಂದೇಶಗಳನ್ನು ಸಂಸ್ಕರಿಸುವ ಲೈಬ್ರರಿ) ಎಕ್ಸಾಕ್ಟ್ಲಿ ಒನ್ಸ್‌ನಲ್ಲಿ (ಪ್ರತಿ ಸಂದೇಶ ಒಮ್ಮೆ ಮಾತ್ರ ಲೆಕ್ಕಕ್ಕೆ ಬರುವ ವಿಧಾನ) ಓಡಿಸಿದರೆ ಕಮಿಟ್ ಅಂತರ ಡಿಫಾಲ್ಟಾಗಿ 100 ಮಿಲಿಸೆಕೆಂಡ್. ಅಂದರೆ ಒಂದು ಥ್ರೆಡ್‌ನಿಂದ ಒಂದು ಪಾರ್ಟಿಶನ್‌ಗೆ ದಿನಕ್ಕೆ 8,64,000 ಮಾರ್ಕರ್. 24 ಪಾರ್ಟಿಶನ್‌ಗೂ ಬರೆಯುತ್ತಿದ್ದರೆ ಇಲ್ಲದ ಸಂದೇಶ 2 ಕೋಟಿಗೂ ಮೇಲೆ. ಅಬಾರ್ಟ್ (ರದ್ದು) ಆದ ದತ್ತಾಂಶವೂ ರಿಟೆನ್ಶನ್ ಮುಗಿಯುವವರೆಗೆ ಲಾಗ್‌ನಲ್ಲೇ ಕೂತಿರುತ್ತದೆ, ಅದೂ ಈ ಲೆಕ್ಕದೊಳಗೆ ನುಸುಳುತ್ತದೆ.

ಬ್ರೋಕರ್‌ನ ಜೆಎಂಎಕ್ಸ್ ಕೌಂಟರ್ (ಸರ್ವರ್‌ನ ನಿಗಾ ಅಂಕಿ) ಅಬಾರ್ಟ್ ಆಗಲಿರುವುದನ್ನೂ ಎಣಿಸುತ್ತದೆ, ರೀಸ್ಟಾರ್ಟ್ ಆದರೆ ಸೊನ್ನೆಯಿಂದ ಶುರು. ಗ್ರಾಫ್ ನೋಡಲು ಅದು ಸರಿ, ಬಿಲ್‌ಗೆ ಅಲ್ಲ.

ಪೂರ್ತಿ ಓದುವ ದಾರಿಯಲ್ಲಿ ಲೆಕ್ಕ ಸರಿ ಬಂತು, ದುಡ್ಡು ಸೋರಿತು. ಮೂರು ಝೋನ್‌ಗಳಲ್ಲಿ ಲೀಡರ್‌ಗಳು (ಸಾಮಾನ್ಯವಾಗಿ ಓದು ನಡೆಯುವ ಮುಖ್ಯ ಪ್ರತಿಗಳು) ಹರಡಿದ್ದರೆ ಮೂರರಲ್ಲಿ ಎರಡು ಪಾಲು ದತ್ತಾಂಶ ಝೋನ್ ದಾಟುತ್ತದೆ. ಜಿಬಿಗೆ ಹೋಗಿ ಬರುವುದು ಸೇರಿ 2 ಸೆಂಟ್ ಎಂದರೂ ಒಂದು ಎಣಿಕೆಗೆ ಸುಮಾರು 80 ಡಾಲರ್. ದಿನಕ್ಕೊಮ್ಮೆ ಎಣಿಸಿದರೆ ತಿಂಗಳಿಗೆ 2 ಲಕ್ಷ ರೂಪಾಯಿ ಆಸುಪಾಸು. ಕಾಫ್ಕಾ 2.4ರಿಂದ ಹತ್ತಿರದ ಫಾಲೋವರ್ ಪ್ರತಿಯಿಂದಲೇ ಓದಬಹುದು (ಕ್ಲೈಂಟ್ ರ‍್ಯಾಕ್ ಹೊಂದಿಸಿ, ಬ್ರೋಕರ್‌ನಲ್ಲಿ ರ‍್ಯಾಕ್ ಅರಿಯುವ ರೆಪ್ಲಿಕಾ ಸೆಲೆಕ್ಟರ್ ಹಾಕಬೇಕು). ಅದರಿಂದ ಝೋನ್ ದಾಟುವ ಬಾಡಿಗೆ ಉಳಿಯುತ್ತದೆ, ಡಿಕಂಪ್ರೆಶನ್‌ನ ಸಿಪಿಯು ಖರ್ಚು ಉಳಿಯುವುದಿಲ್ಲ.

ಈಗ ನನ್ನ ದಾರಿ. ಕಾಫ್ಕಾ 0.11ರಿಂದ ಬಂದ ಎರಡನೇ ಆವೃತ್ತಿಯ ಬ್ಯಾಚ್‌ನಲ್ಲಿ ಹೆಡರ್ 61 ಬೈಟ್. ಕಂಪ್ರೆಶನ್ ಹೆಡರ್ ನಂತರದ ಭಾಗಕ್ಕೆ ಮಾತ್ರ. ಮೂಟೆ ಬಿಚ್ಚದೆ ಮೇಲೆ ಹೊಲಿದ ಚೀಟಿ ಓದಿದ ಹಾಗೆ. 0ನೇ ಬೈಟ್‌ನಿಂದ ಮೊದಲ ಆಫ್‌ಸೆಟ್, 8ರಿಂದ ಉದ್ದ, 16ರಲ್ಲಿ ಆವೃತ್ತಿ (2 ಅಲ್ಲದಿದ್ದರೆ ಅಲ್ಲೇ ನಿಲ್ಲಿಸಿ), 21ರಿಂದ ಆಟ್ರಿಬ್ಯೂಟ್ (ಬ್ಯಾಚ್‌ನ ಗುಣ ಹೇಳುವ ಬಿಟ್‌ಗಳು), 43ರಿಂದ ಪ್ರೊಡ್ಯೂಸರ್ ಐಡಿ (ಬರೆಯುವ ಪ್ರೋಗ್ರಾಂನ ಗುರುತು), 57ರಿಂದ ದಾಖಲೆಗಳ ಸಂಖ್ಯೆ. ಉದ್ದದ ಫೀಲ್ಡ್ ತನಗಿಂತ ಮುಂದಿನದನ್ನು ಮಾತ್ರ ಹೇಳುವುದರಿಂದ ಮುಂದಿನ ಬ್ಯಾಚ್‌ಗೆ ಹಾರುವಾಗ 12 ಕೂಡಿಸಬೇಕು. ಆಟ್ರಿಬ್ಯೂಟ್‌ನಲ್ಲಿ 32ರ ಬಿಟ್ ಇದ್ದರೆ ಅದು ಮಾರ್ಕರ್, ಬಿಟ್ಟುಬಿಡಿ. 16ರ ಬಿಟ್ ಇದ್ದರೆ ಟ್ರಾನ್ಸಾಕ್ಷನ್‌ನ ದತ್ತಾಂಶ, ಅಬಾರ್ಟ್ ಪಟ್ಟಿಯ ಜೊತೆ ತಾಳೆ ನೋಡಬೇಕು.

ಆ ಪಟ್ಟಿ ಟ್ರಾನ್ಸಾಕ್ಷನ್ ಇಂಡೆಕ್ಸ್ ಫೈಲ್‌ನಲ್ಲಿದೆ. ಒಂದೊಂದು ನಮೂದು 34 ಬೈಟ್: ಆವೃತ್ತಿ, ಪ್ರೊಡ್ಯೂಸರ್ ಐಡಿ, ಮೊದಲ ಆಫ್‌ಸೆಟ್, ಕೊನೆಯ ಆಫ್‌ಸೆಟ್, ಲಾಸ್ಟ್ ಸ್ಟೇಬಲ್ ಆಫ್‌ಸೆಟ್ (ಇದಕ್ಕಿಂತ ಹಿಂದಿನ ಟ್ರಾನ್ಸಾಕ್ಷನ್‌ಗಳೆಲ್ಲ ಮುಗಿದಿವೆ ಎಂಬ ಗಡಿ). ನಾನು ಎಡವಿದ್ದೇ ಇಲ್ಲಿ. ಒಂದೊಂದು ಸೆಗ್ಮೆಂಟ್‌ಗೆ ಅದರದೇ ಇಂಡೆಕ್ಸ್ ಓದಿದೆ, ಮೊದಲ ತಾಳೆಯಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಹೆಚ್ಚು ಬಂತು. ಅಬಾರ್ಟ್ ಮಾರ್ಕರ್ ಯಾವ ಸೆಗ್ಮೆಂಟ್‌ನಲ್ಲಿ ಬಿತ್ತೋ ನಮೂದು ಅಲ್ಲೇ ಬೀಳುತ್ತದೆ. ಟ್ರಾನ್ಸಾಕ್ಷನ್ ಹಿಂದಿನ ಸೆಗ್ಮೆಂಟ್‌ನಲ್ಲಿ ಶುರುವಾಗಿದ್ದರೆ ಅಲ್ಲಿನ ದತ್ತಾಂಶ ಜರಡಿಯಿಂದ ತಪ್ಪಿಸಿಕೊಳ್ಳುತ್ತದೆ. ಪಾರ್ಟಿಶನ್‌ನ ಎಲ್ಲ ಇಂಡೆಕ್ಸ್‌ಗಳನ್ನೂ ಮೊದಲೇ ಮೆಮೊರಿಗೆ ತಂದುಕೊಂಡು ಆಮೇಲೆ ಎಣಿಕೆ ಶುರು ಮಾಡಬೇಕು. ಇಂಡೆಕ್ಸ್ ಮುಟ್ಟದೆ, ಮಾರ್ಕರ್ ಬ್ಯಾಚ್‌ಗಳಿಂದಲೇ ಇದನ್ನು ಒಂದೇ ಓಟದಲ್ಲಿ ಬಗೆಹರಿಸುವ ಕ್ರಮವೊಂದಿದೆ. ಅದು ನನ್ನ ಹತ್ತಿರವೇ ಇರಲಿ.

ಎಣಿಕೆಯ ಎರಡು ತುದಿಗಳನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಮೇಲಿನ ತುದಿಗೆ ರೀಡ್ ಕಮಿಟೆಡ್ (ಕಮಿಟ್ ಆದದ್ದನ್ನಷ್ಟೇ ಓದುವ) ಕನ್ಸ್ಯೂಮರ್‌ನಿಂದ ಎಂಡ್ ಆಫ್‌ಸೆಟ್ ಕೇಳಿದರೆ ಲಾಸ್ಟ್ ಸ್ಟೇಬಲ್ ಆಫ್‌ಸೆಟ್ಟೇ ಬರುತ್ತದೆ, ಮುಗಿಯದ ಟ್ರಾನ್ಸಾಕ್ಷನ್‌ಗಳು ತಾವಾಗಿಯೇ ಹೊರಗುಳಿಯುತ್ತವೆ. ಕೆಳಗಿನ ತುದಿಯಲ್ಲಿ ಯಾರಾದರೂ ಡಿಲೀಟ್ ರೆಕಾರ್ಡ್ಸ್ (ಹಳೆಯ ಸಂದೇಶ ಅಳಿಸುವ ಆಜ್ಞೆ) ಓಡಿಸಿದ್ದರೆ ಲಾಗ್‌ನ ಆರಂಭ ಸೆಗ್ಮೆಂಟ್‌ನ ನಡುವೆ ಬಿದ್ದಿರುತ್ತದೆ. ಅದಕ್ಕಿಂತ ಹಿಂದಿನ ಬ್ಯಾಚ್ ಡಿಸ್ಕ್‌ನಲ್ಲಿದ್ದರೂ ಎಣಿಸಬಾರದು.

ವೇಗದ ವಿಷಯಕ್ಕೆ ಬಂದರೆ ಎಂಮ್ಯಾಪ್ (ಫೈಲನ್ನು ಮೆಮೊರಿಯಂತೆ ಓದುವ ವಿಧಾನ) ನನಗೆ ಒಳ್ಳೆಯ ಪೆಟ್ಟು ಕೊಟ್ಟಿತು. 61 ಬೈಟ್ ಕೇಳಿದರೆ ಲಿನಕ್ಸ್ ಸುತ್ತಲಿನ 128 ಕೆಬಿ ಎಳೆದು ತರುತ್ತದೆ. ನಮ್ಮ ಬ್ಯಾಚ್ ಸರಾಸರಿ 200 ಕೆಬಿ, ಅಂದರೆ ಅರ್ಧಕ್ಕಿಂತ ಹೆಚ್ಚು ಫೈಲ್ ಓದಿದಂತೆಯೇ ಆಯಿತು, ಪೇಜ್ ಕ್ಯಾಶ್ (ಡಿಸ್ಕ್ ದತ್ತಾಂಶವನ್ನು ಮೆಮೊರಿಯಲ್ಲಿಡುವ ಜಾಗ) ಕಲಕಿ ಕನ್ಸ್ಯೂಮರ್‌ಗಳೆಲ್ಲ ನಿಧಾನವಾದವು. ಎಂಮ್ಯಾಪ್ ಬಿಟ್ಟು ಪ್ರೀಡ್ (ಹೇಳಿದ ಜಾಗದಿಂದ ಹೇಳಿದಷ್ಟು ಓದುವ ಕರೆ) ಬಳಸಿ, ಫೈಲ್‌ಗೆ ರ‍್ಯಾಂಡಮ್ ಎಂದು ಫ್ಯಾಡ್ವೈಸ್ (ಓದುವ ಕ್ರಮದ ಬಗ್ಗೆ ಲಿನಕ್ಸ್‌ಗೆ ಸೂಚನೆ) ಹೇಳಿದ ಮೇಲೆ ಬ್ಯಾಚ್‌ಗೆ 4 ಕೆಬಿಯ ಒಂದು ಪುಟ ಮಾತ್ರ. ಓದಿ ಮುಗಿದ ಮೇಲೆ ಡೋಂಟ್ ನೀಡ್ (ಈ ಪುಟ ಇನ್ನು ಬೇಡ) ಹೇಳುವ ಉತ್ಸಾಹ ಹಳೆಯ ಸೆಗ್ಮೆಂಟ್‌ಗಳಿಗಷ್ಟೇ ಇರಲಿ. ಬಿಸಿ (ಈಗ ಬಳಕೆಯಲ್ಲಿರುವ) ಸೆಗ್ಮೆಂಟ್‌ಗೆ ಹೇಳಿದರೆ ಬೇರೆಯವರು ಓದುತ್ತಿರುವ ಪುಟಗಳೂ ಹೋಗುತ್ತವೆ.

ಬ್ಯಾಚ್ ಚಿಕ್ಕದಿದ್ದರೆ ಈ ಹಾರಾಟದಿಂದ ಲಾಭವಿಲ್ಲ. ಡಿಸ್ಕ್ ಮಿತಿ ಸೆಕೆಂಡಿಗೆ 3000 ಐಒ (ಓದು-ಬರಹದ ಕೋರಿಕೆ) ಮತ್ತು 125 ಎಂಬಿ ಎಂದಿಟ್ಟುಕೊಳ್ಳಿ, ಭಾಗಿಸಿದರೆ 42 ಕೆಬಿ. ಬ್ಯಾಚ್ ಅದಕ್ಕಿಂತ ಕಡಿಮೆಯಿದ್ದರೆ ಸಾಲಾಗಿ ಓದುವುದೇ ಬೇಗ. ಡಿಫಾಲ್ಟ್ ಬ್ಯಾಚ್ ಮಿತಿ 16 ಕೆಬಿ. ನಾವು ಅದನ್ನು 256 ಕೆಬಿಗೆ, ಲಿಂಗರ್ ಅನ್ನು (ಬ್ಯಾಚ್ ತುಂಬಲು ಕಾಯುವ ಸಮಯ) 50 ಮಿಲಿಸೆಕೆಂಡ್‌ಗೆ ಏರಿಸಿದ ಮೇಲೆಯೇ ಗೆದ್ದಿದ್ದು. ಕೆಲಸಕ್ಕೆ ತೊಂದರೆಯಾಗದಂತೆ ಪ್ರತಿ ಬ್ರೋಕರ್‌ನಲ್ಲೂ ಸೆಕೆಂಡಿಗೆ 1000 ಐಒಗೆ ಕಡಿವಾಣ ಹಾಕಿ, ಆರರಲ್ಲೂ ಒಟ್ಟಿಗೆ ಓಡಿಸಿದಾಗ ಮೂರು ಕೋಟಿಯಷ್ಟು ಹೆಡರ್‌ಗೆ ಒಂದೂವರೆ ಗಂಟೆಯೊಳಗೆ ಮುಗಿಯಿತು. ಮುಚ್ಚಿದ ಸೆಗ್ಮೆಂಟ್ ಬದಲಾಗುವುದಿಲ್ಲವಾದ್ದರಿಂದ ಅದರ ಲೆಕ್ಕ ಬರೆದಿಟ್ಟುಕೊಂಡರೆ ದಿನದ ಎಣಿಕೆ 12 ನಿಮಿಷ.

ದಿನವಾರು ಲೆಕ್ಕಕ್ಕೆ ಟಾಪಿಕ್‌ನ ಟೈಮ್‌ಸ್ಟ್ಯಾಂಪ್ ಅನ್ನು ಲಾಗ್ ಅಪೆಂಡ್ ಟೈಮ್‌ಗೆ (ಬ್ರೋಕರ್ ಬರೆದುಕೊಂಡ ಸಮಯ) ಬದಲಿಸಿದೆವು. ಆಗ ಇಡೀ ಬ್ಯಾಚ್‌ಗೆ ಒಂದೇ ಸಮಯ, ಮಧ್ಯರಾತ್ರಿಗೆ ಅಡ್ಡ ಬಿದ್ದ ಬ್ಯಾಚ್ ಸೀಳುವ ಪ್ರಮೇಯವೇ ಇಲ್ಲ. ಕ್ರಿಯೇಟ್ ಟೈಮ್ (ಕಳಿಸುವವರು ಹಾಕಿದ ಸಮಯ) ಆದರೆ ಗಡಿಯಾರ ತಪ್ಪಿದ ಮೊಬೈಲ್‌ಗಳ ಕಾಟ. ನಮ್ಮ ಮಧ್ಯರಾತ್ರಿ ಯುಟಿಸಿಯಲ್ಲಿ 18:30 ಎಂಬುದನ್ನು ಮರೆತರೆ ಐದೂವರೆ ಗಂಟೆಯ ಬಿಲ್ ಬೇರೆ ದಿನಕ್ಕೆ ಬೀಳುತ್ತದೆ.

ನಡುವೆ ಹೈಪರ್‌ಲಾಗ್‌ಲಾಗ್ (ಬೇರೆ ಬೇರೆ ಐಡಿ ಎಷ್ಟಿವೆ ಎಂದು ಅಂದಾಜು ಮಾಡುವ ವಿಧಾನ) ಕೂಡ ನೋಡಿದೆ. ರೆಡಿಸ್ ಡೇಟಾಬೇಸ್‌ನಲ್ಲಿ 12 ಕೆಬಿಯಲ್ಲಿ ಶೇ 0.81ರ ದೋಷ. ಕೇಳಲು ಚೆನ್ನ, ಆದರೆ 2 ಕೋಟಿಗೆ ಅದು ಒಂದು ಲಕ್ಷ ಅರವತ್ತು ಸಾವಿರದಷ್ಟು. ಮೇಲಾಗಿ ಐಡಿ ಬೇಕೆಂದರೆ ಮೂಟೆ ಬಿಚ್ಚಲೇಬೇಕು.

ಕಂಪ್ಯಾಕ್ಟ್ ಆಗುವ (ಒಂದು ಕೀಗೆ ಕೊನೆಯ ಸಂದೇಶ ಉಳಿಸಿ ಹಳೆಯದನ್ನು ಅಳಿಸುವ) ಟಾಪಿಕ್‌ಗೆ ಒಂದು ಎಚ್ಚರಿಕೆ. ಹೀಗೆ ಅಳಿಸುವ ಕ್ಲೀನರ್ ಪ್ರತಿ ಬ್ರೋಕರ್‌ನಲ್ಲೂ ತನ್ನ ಪಾಡಿಗೆ ಓಡುತ್ತದೆ, ಹಾಗಾಗಿ ಮೂರು ಪ್ರತಿಗಳಲ್ಲಿ ಮೂರು ಲೆಕ್ಕ ಬರಬಹುದು, ಮೂರೂ ಸರಿಯೇ. ಮುಚ್ಚಿದ ಸೆಗ್ಮೆಂಟ್‌ನ ಲೆಕ್ಕವನ್ನು ಬರೆದಿಡುವ ಉಪಾಯವೂ ಅಲ್ಲಿ ನಡೆಯದು. ಹೆಡರ್‌ನಲ್ಲಿ ಮೊದಲ ಆಫ್‌ಸೆಟ್‌ನಿಂದ ಕೊನೆಯದಕ್ಕಿರುವ ಅಂತರ ಹೇಳುವ ಫೀಲ್ಡ್ ಕ್ಲೀನಿಂಗ್ ನಂತರವೂ ಹಾಗೇ ಉಳಿಯುವುದರಿಂದ ಅದಕ್ಕೆ ಒಂದು ಕೂಡಿಸಿ ಎಣಿಸಿದರೆ ಅಳಿದದ್ದೂ ಸೇರುತ್ತದೆ. 57ನೇ ಬೈಟ್‌ನ ಸಂಖ್ಯೆಯನ್ನೇ ಹಿಡಿಯಿರಿ. ಅದು ಸೊನ್ನೆ ಇರುವ ಬ್ಯಾಚ್ ಕಂಡರೆ ಫೈಲ್ ಕೆಟ್ಟಿದೆ ಎಂದು ನಿಲ್ಲಿಸಬೇಡಿ. ಪ್ರೊಡ್ಯೂಸರ್‌ನ ಕೊನೆಯ ಸೀಕ್ವೆನ್ಸ್ (ಸರಣಿ ಸಂಖ್ಯೆ) ನೆನಪಿಡಲು ಕ್ಲೀನರ್ ಬೇಕೆಂದೇ ಖಾಲಿ ಬ್ಯಾಚ್ ಬಿಟ್ಟಿರುತ್ತದೆ.