ಟೆನ್ಷನ್ ಏರಿದರೆ ಖುಷಿ: ಜಪಾನೀಯರಿಗೆ ದಿನಬಳಕೆಯ ಇಂಗ್ಲಿಷ್ ಹೇಳಿಕೊಟ್ಟ ನನ್ನ ಅನುಭವ

ಟೋಕಿಯೋದ ಪೂರ್ವಕ್ಕೆ ಎದೊಗಾವಾ ಅನ್ನೋ ವಾರ್ಡ್ ಇದೆ. ಅದರಲ್ಲಿ ನಿಶಿ-ಕಸಾಯ್ ಕಡೆ ಭಾರತೀಯರು ಜಾಸ್ತಿ, ಅದರಲ್ಲೂ ಐಟಿಯವರು. ನಾನೂ ಅಲ್ಲೇ ಇರುವುದು. ಶನಿವಾರ ಒಂದು ಸಮುದಾಯ ಭವನದ ಕೋಣೆಯಲ್ಲಿ ಜಪಾನೀಯರಿಗೆ ಮಾತಾಡುವ ಇಂಗ್ಲಿಷ್ ಹೇಳಿಕೊಡುತ್ತೇನೆ. ದುಡ್ಡಿಗಲ್ಲ, ಕೋಣೆಯ ಬಾಡಿಗೆಯನ್ನು ಎಲ್ಲರೂ ಹಂಚಿಕೊಳ್ಳುತ್ತೇವೆ ಅಷ್ಟೆ. ರಿಟೈರ್ ಆದ ಇಂಜಿನಿಯರ್ ಒಬ್ಬರು ಬರುತ್ತಾರೆ, ಒಬ್ಬರು ನರ್ಸ್, ಅಂಗಡಿಯಲ್ಲಿ ಅರ್ಧ ದಿನ ಕೆಲಸ ಮಾಡುವ ಒಬ್ಬ ಗೃಹಿಣಿ. ಉಳಿದವರು ಬೆಂಗಳೂರು, ಪುಣೆಯ ಟೀಮ್‌ಗಳ ಜೊತೆ ದಿನಾ ಕಾಲ್‌ನಲ್ಲಿ ಕೂರುವ ಕಂಪನಿಯವರು.

ಜಪಾನೀಯರಿಗೆ ಇಂಗ್ಲಿಷ್ ಪದ ಗೊತ್ತಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಿಡ್ಲ್ ಸ್ಕೂಲ್, ಹೈಸ್ಕೂಲ್ ಎರಡರಲ್ಲೂ ಓದಿರುತ್ತಾರೆ. ಆಫೀಸಿನವರು ಟೋಯಿಕ್ ಅನ್ನೋ ಇಂಗ್ಲಿಷ್ ಪರೀಕ್ಷೆಯನ್ನೂ ಬರೆದಿರುತ್ತಾರೆ. 1979ರಲ್ಲಿ ಜಪಾನಿನಲ್ಲೇ ಮೊದಲು ನಡೆದ ಪರೀಕ್ಷೆ ಅದು, ಕೇಳುವುದಕ್ಕೂ ಓದುವುದಕ್ಕೂ ಸೇರಿ ಪೂರ್ತಿ ಅಂಕ 990. ಅದರಲ್ಲಿ 800 ದಾಟಿದವರೇ ನನ್ನೆದುರು ಕೂತು, ನಿನ್ನೆ ಏನು ಊಟ ಮಾಡಿದಿರಿ ಅಂದರೆ ಮೇಜು ನೋಡುತ್ತಾರೆ. ಅಂಥವರ ಕೈಗೆ ಹೊಸ ಪದಗಳ ಪಟ್ಟಿ ಕೊಟ್ಟು ಏನು ಪ್ರಯೋಜನ? ಒಳಗಿರುವ ಪದ ಹೊರಗೆ ಬರಬೇಕು, ಅದೂ ಸರಿಯಾದ ಅರ್ಥದಲ್ಲಿ. ನನ್ನ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಇದೇ ಕೆಲಸ.

ಅರ್ಥದ ತೊಂದರೆ ಬರುವುದು ಕತಕಾನಾ ಪದಗಳಿಂದ. ಹೊರಗಿನಿಂದ ಬಂದ ಪದಗಳನ್ನು ಜಪಾನೀಯರು ಕತಕಾನಾ ಲಿಪಿಯಲ್ಲಿ ಬರೆಯುತ್ತಾರೆ. ಬಂದ ಪದಗಳು ಅಲ್ಲಿನ ಮನೆಯವೇ ಆಗಿ, ಅರ್ಥವನ್ನೂ ಬದಲಿಸಿಕೊಂಡಿವೆ. ಮನ್ಶೊನ್ (ಇಂಗ್ಲಿಷಿನ ಮ್ಯಾನ್ಷನ್) ಅಂದರೆ ಬಂಗಲೆ ಅಲ್ಲ, ನಾವು ಫ್ಲ್ಯಾಟ್ ಅನ್ನುವಂಥದ್ದು. ಕುರೇಮು (ಕ್ಲೇಮ್) ಅಂದರೆ ಗ್ರಾಹಕರ ದೂರು. ಬೈಕಿಂಗು (ವೈಕಿಂಗ್) ಅಂದರೆ ಬಫೆ ಊಟ. ಇದಕ್ಕೊಂದು ಕಥೆಯಿದೆ: 1958ರಲ್ಲಿ ಟೋಕಿಯೋದ ಇಂಪೀರಿಯಲ್ ಹೋಟೆಲ್ ಸ್ಕ್ಯಾಂಡಿನೇವಿಯಾದ ಮಾದರಿಯ ಬಫೆ ಶುರುಮಾಡಿ, ಆ ರೆಸ್ಟೋರೆಂಟಿಗೆ ಇಂಪೀರಿಯಲ್ ವೈಕಿಂಗ್ ಅಂತ ಹೆಸರಿಟ್ಟಿತು. ಹೆಸರು ದೇಶಕ್ಕೆಲ್ಲ ಅಂಟಿಕೊಂಡಿತು. ಈಗ ಸಿಂಗಾಪುರದ ಹೋಟೆಲಿನಲ್ಲಿ ನಿಂತು ವೈಕಿಂಗ್ ಎಲ್ಲಿದೆ ಅಂತ ಕೇಳಿದರೆ ಆ ಕಡೆಯವರು ಏನಂತ ಹೇಳಬೇಕು!

ನನಗೆ ತುಂಬಾ ಇಷ್ಟವಾದದ್ದು ತೆನ್ಶೊನ್. ನಮ್ಮಲ್ಲಿ ಟೆನ್ಷನ್ ಅಂದರೆ ತಲೆಬಿಸಿ. ಅವರಲ್ಲಿ ಟೆನ್ಷನ್ ಏರಿತು ಅಂದರೆ ಉತ್ಸಾಹ ಬಂತು, ಜೋಶ್ ಬಂತು ಅಂತ. ಒಬ್ಬರು ಮಗಳ ಮದುವೆಯ ದಿನ ತನ್ನ ಟೆನ್ಷನ್ ತುಂಬಾ ಹೈ ಇತ್ತು ಅಂದರು. ನಾನು ಪಾಪ ಅಂದೆ. ಅವರು ನಗುತ್ತಾ ಫೋಟೋ ತೋರಿಸಿದರು.

ಇಂಥ ಪದಗಳನ್ನು ಅವರಿಂದಲೇ ತರಿಸುತ್ತೇನೆ. ರಸ್ತೆಯ ಬೋರ್ಡ್, ಸೂಪರ್ ಮಾರ್ಕೆಟ್, ಟಿವಿ ಜಾಹೀರಾತು, ಎಲ್ಲಿ ಕಂಡರೂ ಬರೆದುಕೊಂಡು ಬರಬೇಕು. ಆಮೇಲೆ ಒಂದೇ ಪ್ರಶ್ನೆ: ಇದನ್ನು ಹೀಗೇ ವಿದೇಶದಲ್ಲಿ ಹೇಳಿದರೆ ನಿಮಗೆ ಬೇಕಾದ್ದು ಸಿಗುತ್ತದಾ? ಸಿಗಲ್ಲ ಅಂದರೆ ಇಂಗ್ಲಿಷಿನ ಸರಿಯಾದ ಪದ ಹುಡುಕುವುದಲ್ಲ, ಆಗಬೇಕಾದ ಕೆಲಸವನ್ನು ಹೇಳುವುದು. ಪ್ಲಗ್ ಪಾಯಿಂಟಿಗೆ ಅವರು ಕೊನ್ಸೆಂತೊ ಅನ್ನುತ್ತಾರೆ. ಅಮೆರಿಕದವರು ಔಟ್‌ಲೆಟ್ ಅಂತಾರೆ, ಬ್ರಿಟನ್ನಿನವರು ಸಾಕೆಟ್ ಅಂತಾರೆ. ಇದನ್ನೆಲ್ಲ ನೆನಪಿಟ್ಟುಕೊಳ್ಳುವ ಕರ್ಮ ಯಾಕೆ? ‘ವೇರ್ ಕ್ಯಾನ್ ಐ ಚಾರ್ಜ್ ಮೈ ಫೋನ್?’ ಅಂದರೆ ಸಾಕು, ಯಾವ ದೇಶದಲ್ಲೂ ತೋರಿಸುತ್ತಾರೆ.

ಉಚ್ಚಾರಣೆಯ ವಿಷಯದಲ್ಲಿ ನಾವೂ ಅವರೂ ಒಂದೇ ಊರಿನವರು. ನಾವು ಬಸ್ಸು, ಕಾರು, ಬ್ಯಾಂಕು ಅಂತ ಕೊನೆಗೊಂದು ಉ ಸೇರಿಸುತ್ತೇವೆ. ಅವರೂ ಬಸು ಅನ್ನುತ್ತಾರೆ. ಇದನ್ನು ಬಿಡಿಸಲು ಅವರದ್ದೇ ಭಾಷೆ ಸಹಾಯಕ್ಕೆ ಬರುತ್ತದೆ. ಟೋಕಿಯೋದವರು ದೆಸು ಅಂತ ಬರೆದು ದೆಸ್ ಅಂತ ಹೇಳುತ್ತಾರೆ, ಉ ನುಂಗಿಬಿಡುತ್ತಾರೆ. ದೆಸು ನುಂಗಿದ ಹಾಗೇ ಬಸು ನುಂಗಿ ಅಂದರೆ ತಕ್ಷಣ ಬಸ್ ಬರುತ್ತದೆ. ಗುಡ್ ಅನ್ನುವುದು ಗುದ್ದೊ ಆಗುವಲ್ಲಿ ಮಾತ್ರ ಈ ಉಪಾಯ ನಡೆಯಲ್ಲ. ಅದಕ್ಕೆ ಸುಮ್ನೆ ಹೇಳಿಸಿ ಹೇಳಿಸಿಯೇ ರೂಢಿಯಾಗಬೇಕು.

ವಾಕ್ಯ ಕಟ್ಟುವುದೂ ಹಾಗೆಯೇ. ಜಪಾನಿ ಭಾಷೆಯಲ್ಲೂ ಕನ್ನಡದ ಹಾಗೆ ಕ್ರಿಯಾಪದ ಕೊನೆಗೆ. ನಾನು ಕನ್ನಡ ಮೀಡಿಯಮ್ಮಿನಲ್ಲಿ ಓದಿದವನು, ಅವರು ಎಲ್ಲಿ ತಡವರಿಸುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ನಾನು, ನಿನ್ನೆ, ಶಿಂಜುಕುನಲ್ಲಿ, ಗೆಳತಿಯ ಜೊತೆ ಅಂತ ಎಲ್ಲವನ್ನೂ ಕೂಡಿಸಿಕೊಂಡು ಕ್ರಿಯಾಪದಕ್ಕೆ ಕಾಯುತ್ತಾರೆ. ಅಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಮೊದಲು ‘ಐ ಮೆಟ್’ ಅಂತ ಬಾಯಿಂದ ಬಿಟ್ಟುಬಿಡಿ, ಯಾರನ್ನ, ಎಲ್ಲಿ ಅನ್ನೋದು ನಿಧಾನಕ್ಕೆ ಬರಲಿ ಅನ್ನುತ್ತೇನೆ.

ಗೆಟ್, ಟೇಕ್, ರನ್ ಥರದ ಚಿಕ್ಕ ಕ್ರಿಯಾಪದಗಳಿಗೆ ಅವರ ದಿನನಿತ್ಯದ ರೈಲು ಪ್ರಯಾಣವೇ ಸಾಕು. ತೋಜಾಯ್ ಲೈನಿನಲ್ಲಿ ನಿಶಿ-ಕಸಾಯ್‌ನಲ್ಲಿ ಗೆಟ್ ಆನ್, ಓತೆಮಾಚಿಯಲ್ಲಿ ಗೆಟ್ ಆಫ್. ದಾರಿಯಲ್ಲಿ ಹಳೆಯ ಸಹೋದ್ಯೋಗಿ ಸಿಕ್ಕರೆ ರನ್ ಇಂಟು, ಕಾರ್ಡಿನಲ್ಲಿ ದುಡ್ಡು ಮುಗಿದರೆ ರನ್ ಔಟ್. ಪ್ರತಿಯೊಬ್ಬರೂ ತಮ್ಮ ಬೆಳಗನ್ನು ತಾವೇ ಹೇಳಬೇಕು. ಪುಸ್ತಕದ ಉದಾಹರಣೆಗೆ ಅಲ್ಲಿ ಅವಕಾಶ ಇಲ್ಲ.

ಕಂಪನಿಯವರಿಗೆ ಎಲ್ಲಕ್ಕಿಂತ ಉಪಯೋಗವಾದದ್ದು ಬೇರೆ ಒಂದು ವಿಷಯ. ಜಪಾನೀಯರು ಎದುರಿನವರು ಮಾತಾಡುವಾಗ ಸುಮ್ಮನಿರಲ್ಲ. ಹೈ, ಹೈ, ಸೋ ದೆಸು ನೆ ಅಂತ ನಡುನಡುವೆ ಹೂಂಗುಡುತ್ತಲೇ ಇರುತ್ತಾರೆ. ಇದಕ್ಕೆ ಐಜುಚಿ ಅನ್ನುತ್ತಾರೆ. ಹೈ ಅಂದರೆ ಹೌದು ಅಂತಲೂ ಅರ್ಥ, ಕೇಳಿಸಿಕೊಳ್ತಾ ಇದ್ದೀನಿ ಹೇಳಿ ಅಂತಲೂ ಅರ್ಥ. ಅದನ್ನೇ ಇಂಗ್ಲಿಷಿಗೆ ತಂದು ಯೆಸ್, ಯೆಸ್ ಅಂದರೆ ಬೆಂಗಳೂರಿನವರು ಒಪ್ಪಿಕೊಂಡರು ಅಂದುಕೊಳ್ಳುತ್ತಾರೆ. ಮುಂದಿನ ವಾರ ಕೆಲಸ ಆಗಿರಲ್ಲ, ಇಬ್ಬರಿಗೂ ಮುಖ ಗಂಟು. ಫೋನಿನಲ್ಲಿ ಹೂಂ ಹೂಂ ಅನ್ನುತ್ತಾ ಕೇಳುವ ನಾವೇ ಇದನ್ನು ಬೇಗ ಅರ್ಥ ಮಾಡಿಕೊಳ್ಳಬೇಕಿತ್ತು, ಅಲ್ವಾ? ಈಗ ನನ್ನ ಕ್ಲಾಸಿನಲ್ಲಿ ಹೂಂಗುಡಲು ರೈಟ್, ಐ ಸೀ, ಗೋ ಆನ್. ಯೆಸ್ ಅನ್ನಬೇಕಾದರೆ ಹಿಂದೆಯೇ ಪೂರ್ತಿ ವಾಕ್ಯ ಬರಬೇಕು: ‘ಯೆಸ್, ವಿ ಕ್ಯಾನ್ ಡು ಇಟ್ ಬೈ ಫ್ರೈಡೇ’. ಒಪ್ಪಿಗೆ ಇಲ್ಲದಿದ್ದರೆ ‘ಲೆಟ್ ಮಿ ಚೆಕ್’.

ಇದರ ಜೊತೆಗೇ ಬರುವ ಇನ್ನೊಂದು ಗೊಂದಲ ಇಲ್ವಾ, ಬರಲಿಲ್ವಾ ಅನ್ನುವ ಥರದ ಪ್ರಶ್ನೆ. ಮೇಲ್ ಬರಲಿಲ್ವಾ ಅಂತ ಕೇಳಿದರೆ ನಾವು ಹೂಂ, ಬರಲಿಲ್ಲ ಅನ್ನುವ ಹಾಗೆ ಅವರೂ ಹೈ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಯೆಸ್ ಅಂದರೆ ಬಂದಿದೆ ಅಂತ ಉಲ್ಟಾ ಆಗಿಬಿಡುತ್ತದೆ. ಯೆಸ್, ನೋ ಎರಡನ್ನೂ ಬಿಟ್ಟು ‘ನಾಟ್ ಯೆಟ್’ ಅಥವಾ ‘ಗಾಟ್ ಇಟ್’ ಅನ್ನಿಸುತ್ತೇನೆ.

ಇನ್ನು ನುಡಿಗಟ್ಟು. ಬರುವವರೆಲ್ಲ ಮೊದಲು ಕೇಳುವುದು ಇದನ್ನೇ. ಜೋರು ಮಳೆಗೆ ಇಂಗ್ಲಿಷಿನಲ್ಲಿ ಹೇಳುವ, ಬೆಕ್ಕು ನಾಯಿಗಳ ಹಾಗೆ ಮಳೆ ಬರುವ ವಾಕ್ಯ ಎಲ್ಲರಿಗೂ ಬಾಯಿಪಾಠ. ಮಾತಿನಲ್ಲಿ ಅದನ್ನು ಬಳಸುವವರು ನನಗಂತೂ ಸಿಕ್ಕಿಲ್ಲ. ನನ್ನ ಅಭಿಪ್ರಾಯ ಇಷ್ಟೆ: ನುಡಿಗಟ್ಟು ಕೇಳಿದರೆ ಅರ್ಥವಾಗಬೇಕು, ತಾವಾಗಿ ಹೇಳಲೇಬೇಕು ಅಂತಿಲ್ಲ. ಅದಕ್ಕೆ ಅವರ ಭಾಷೆಯಿಂದಲೇ ಶುರು ಮಾಡುತ್ತೇವೆ. ಮುಖ ಅಗಲ ಅಂದರೆ ತುಂಬಾ ಜನರ ಪರಿಚಯ ಇರುವವರು. ಬಾಯಿ ಹಗುರ ಅಂದರೆ ಗುಟ್ಟು ನಿಲ್ಲದವರು. ಕುತ್ತಿಗೆ ಆಯಿತು ಅಂದರೆ ಕೆಲಸ ಹೋಯಿತು. ಕೈಗೆ ಪುರುಸೊತ್ತಿಲ್ಲದಾಗ ಬೆಕ್ಕಿನ ಕೈಯನ್ನಾದರೂ ಸಾಲ ಪಡೆಯೋಣ ಅನ್ನುತ್ತಾರೆ. ಇಂಥದ್ದನ್ನು ಮೊದಲು ನೇರ ಇಂಗ್ಲಿಷಿನಲ್ಲಿ ಹೇಳಬೇಕು: ‘ಹಿ ಕಾಂಟ್ ಕೀಪ್ ಎ ಸೀಕ್ರೆಟ್’, ‘ವಿ ಆರ್ ರಿಯಲಿ ಬಿಸಿ’. ಆಮೇಲೆ ಇಂಗ್ಲಿಷಿನವರ ನುಡಿಗಟ್ಟು ಇದ್ದರೆ ನೋಡೋಣ.

ಒಂದು ಸಲ ಇಂಜಿನಿಯರ್ ಸಾಹೇಬರು, ತಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಡೀ ಟೀಮಿನ ಕಾಲೆಳೆದಿದ್ದೆ ಅಂತ ಇಂಗ್ಲಿಷಿನಲ್ಲಿ ಹೇಳಿದರು. ಮುಖ ಮಾತ್ರ ಸಪ್ಪೆ. ಇಂಗ್ಲಿಷಿನಲ್ಲಿ ಕಾಲೆಳೆಯುವುದು ಅಂದರೆ ತಮಾಷೆ ಮಾಡುವುದು. ಜಪಾನಿಯಲ್ಲಿ ಅಶಿ ಒ ಹಿಪ್ಪರು, ಅದೂ ಕಾಲೆಳೆಯುವುದೇ, ಆದರೆ ಅರ್ಥ ಅಡ್ಡಿಯಾಗುವುದು, ಹಿಂದಕ್ಕೆ ಜಗ್ಗುವುದು. ತನ್ನಿಂದ ಟೀಮಿನ ಕೆಲಸ ನಿಧಾನವಾಯಿತು ಅಂತ ಅವರು ಹೇಳುತ್ತಿದ್ದರು. ಕನ್ನಡದ ಕಾಲೆಳೆತಕ್ಕೆ ಎರಡು ಅರ್ಥವೂ ಇದೆ, ಹಾಗಾಗಿ ನನಗೆ ಮಾತ್ರ ಎರಡೂ ಕಡೆ ಕಾಣಿಸಿತು. ‘ಐ ಸ್ಲೋಡ್ ದ ಟೀಮ್ ಡೌನ್’ ಅಂತ ಬೋರ್ಡಿನ ಮೇಲೆ ಬರೆದೆ. ಅವರು ಕೆಳಗೆ ಗೆರೆ ಎಳೆದು ಬರೆದುಕೊಂಡರು.

ಇತ್ತೀಚೆಗೆ ಹೊಸ ಬೇಡಿಕೆ ಬಂದಿದೆ: ಭಾರತದವರ ಇಂಗ್ಲಿಷ್ ಹೇಳಿಕೊಡಿ ಅಂತ. ‘ಪ್ಲೀಸ್ ಡು ದ ನೀಡ್‌ಫುಲ್’ ಅನ್ನೋ ಮೇಲ್ ತೋರಿಸಿ, ಸೆನ್ಸೇ (ಅಂದರೆ ಮೇಷ್ಟ್ರೇ), ನಾನು ಏನು ಮಾಡಬೇಕು ಅಂತ ಕೇಳುತ್ತಾರೆ. ಏನು ಮಾಡಬೇಕು ಅಂತ ಮೇಲಿನ ಸಾಲಿನಲ್ಲೇ ಇರುತ್ತದೆ, ಇದು ಸುಮ್ನೆ ಮರ್ಯಾದೆಗೆ ಅಂದೆ. ಔಟ್ ಆಫ್ ಸ್ಟೇಷನ್ ಅಂದರೆ ರೈಲ್ವೆ ಸ್ಟೇಷನ್ನಿನ ಹೊರಗೆ ನಿಂತಿದ್ದಾರೆ ಅಂತಲ್ಲ, ಊರಲ್ಲಿಲ್ಲ ಅಂತ. ಇವುಗಳಲ್ಲಿ ಪ್ರಿಪೋನ್, ಅಂದರೆ ನಿಗದಿಗಿಂತ ಮೊದಲೇ ಇಟ್ಟುಕೊಳ್ಳುವುದು, ಮಾತ್ರ ಅವರಿಗೆ ಬಹಳ ಹಿಡಿಸಿದೆ. ಪೋಸ್ಟ್‌ಪೋನ್ ಗೊತ್ತಿದ್ದವರಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯವೇ ಬರಲಿಲ್ಲ. ಅಮೆರಿಕದವರ ಮೀಟಿಂಗಿನಲ್ಲಿ ಬೇಡ, ಬೆಂಗಳೂರಿನವರ ಹತ್ತಿರ ಧಾರಾಳವಾಗಿ ಬಳಸಿ ಅಂತ ಹೇಳಿದ್ದೇನೆ.